ದಾರಿಗೆ ತಕ್ಕ ಗಾಲಿ, ಗಾಲಿಗೆ ತಕ್ಕ ತಗಡು

ನಾನು ತಾಳವಾಡಿ ಕಡೆಯ ಟಿಂಕರ್. ಗಾಡಿಗಳ ತಗಡು ಬಡಿಯುವುದು, ಕೊಯ್ಯುವುದು, ಕೂಡಿಸುವುದು ನನ್ನ ಕಸುಬು. ನನ್ನ ಕೈಗೆ ಬರುವ ಹಳೆಯ ಪಿಕಪ್‌ಗಳಲ್ಲಿ ಬಹಳಷ್ಟಕ್ಕೆ ಒಂದೇ ಬಗೆಯ ಗುರುತು ಇರುತ್ತದೆ. ಮುಂದಿನ ಮಡ್‌ಗಾರ್ಡಿನ ಹಿಂಬದಿಯ ಕೆಳಮೂಲೆ ಕೊಯ್ದಿರುತ್ತದೆ, ಒಳಅಂಚನ್ನು ಮಡಿಸಿ ಬಡಿದಿರುತ್ತದೆ, ಬಾಗಿಲಿನ ಪಕ್ಕ ಒಂದು ಪ್ಯಾಚ್ ಕೂತಿರುತ್ತದೆ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರ್ ಹಿಡಿಸಲು ಮಾಡಿದ ಕೆಲಸ ಅದು. ಪಟ್ಟಣದಲ್ಲಿ ಇಂಥದ್ದನ್ನು ಷೋಕಿಗೆ ಮಾಡಿಸುತ್ತಾರೆ. ನಮ್ಮ ಬೆಟ್ಟದಲ್ಲಿ ಇದನ್ನು ಮಾಡಿಸಿದವರು ತಾಳಮಲೆಯ ಕಾಡುದಾರಿಯಲ್ಲಿ ರಾಗಿ, ಬೀಟ್‌ರೂಟ್, ಎಲೆಕೋಸು, ಬಾಣಂತಿ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತು ತಂದವರು. ಆ ಕೊಯ್ತದ ಹಿಂದೆ ಇನ್ನೂರು ವರ್ಷ ಮೀರಿದ ದಾರಿಯ ಚರಿತ್ರೆ ಇದೆ. ಅದನ್ನು ಬರೆದಿಡಬೇಕು ಎಂಬುದು ನನ್ನ ಬಹುದಿನದ ಆಸೆ.

ತಾಳಮಲೆ ಸತ್ಯಮಂಗಲದ ಬಯಲಿಗೂ ಮೈಸೂರು ಸೀಮೆಯ ಎತ್ತರದ ನೆಲಕ್ಕೂ ನಡುವೆ ಇರುವ ಮೆಟ್ಟಿಲು. ತೆಂಕಣಕ್ಕೆ ಮೋಯಾರ್ ಹೊಳೆಯ ಆಳದ ಕಣಿವೆ, ಮೂಡಣಕ್ಕೆ ದಿಂಬಂ ಮತ್ತು ಹಾಸನೂರು, ಬಡಗಣಕ್ಕೆ ತಾಳವಾಡಿಯ ಹೊಲಗಳು, ಅದರಾಚೆ ಚಾಮರಾಜನಗರ. ಕೆಳಗಿನವರು ಮೇಲೆ ಬರಬೇಕಾದರೂ ಮೇಲಿನವರು ಕೆಳಗಿಳಿಯಬೇಕಾದರೂ ಈ ಮೆಟ್ಟಿಲನ್ನು ತುಳಿಯಲೇಬೇಕು. ಹೈದರ್ ಮತ್ತು ಟಿಪ್ಪುವಿನ ಕಾಲಕ್ಕೆ ಮೈಸೂರಿನಿಂದ ಕೊಯಮತ್ತೂರಿಗೆ ಇಳಿಯುವ ಮುಖ್ಯ ದಾರಿ ಮೋಯಾರ್ ಬದಿಯ ಗಜ್ಜಲಹಟ್ಟಿ ಕಣಿವೆಯದು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ತನ್ನ ದಂಡನ್ನು ಆ ದಾರಿಯಲ್ಲೇ ಇಳಿಸಿ, ಸತ್ಯಮಂಗಲದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷರ ಕರ್ನಲ್ ಫ್ಲಾಯ್ಡನ ಪಡೆಯ ಮೇಲೆ ಬಿದ್ದ. ಫ್ಲಾಯ್ಡ್ ಕೊಯಮತ್ತೂರಿನ ಕಡೆಗೆ ಹಿಂದೆ ಸರಿಯಬೇಕಾಯಿತು. ಚರಿತ್ರೆ ಪುಸ್ತಕಗಳು ಆ ಕಾಳಗದ ಸೋಲುಗೆಲುವನ್ನು ಹೇಳುತ್ತವೆ. ಗಾಡಿ ಕೆಲಸದವನಾದ ನನಗೆ ಬೇರೊಂದು ಕಾಣುತ್ತದೆ. ಮಳೆಗಾಲದ ಹೊತ್ತಿನಲ್ಲಿ ಆ ಇಳಿಜಾರಿನಲ್ಲಿ ಫಿರಂಗಿ ಇಳಿಸುವುದು ಎಂದರೆ ಮೊದಲು ಎತ್ತು, ಆಮೇಲೆ ಗಾಲಿ. ಎತ್ತಿನ ವಿಷಯದಲ್ಲಿ ಮೈಸೂರಿನವರು ಯಾರಿಗೂ ಕಡಿಮೆ ಇರಲಿಲ್ಲ. ದಂಡಿನ ಸಾಮಾನು ಎಳೆಯಲೆಂದೇ ಅಮೃತಮಹಲ್ ತಳಿಯನ್ನು ಅರಮನೆಯ ಕಾವಲುಗಳಲ್ಲಿ ಸಾಕುತ್ತಿದ್ದರು. ನಮ್ಮ ಪಕ್ಕದ ಬರಗೂರು ಬೆಟ್ಟದ ಕೆಂಪು ಮೈ ಬಿಳಿ ಮಚ್ಚೆಯ ದನ ಇವತ್ತಿಗೂ ಕಲ್ಲುದಾರಿಗೆ ಹೆಸರಾದದ್ದು.

ಗಾಲಿಯ ಲೆಕ್ಕ ಬೇರೆ. ನಮ್ಮ ಕಡೆಯ ಹಳೆಯ ಮರದ ಗಾಡಿಯ ಗಾಲಿ ಎದೆಮಟ್ಟಕ್ಕೆ ಬರುತ್ತಿತ್ತು, ಹತ್ತಿರ ಹತ್ತಿರ ಐದಡಿ. ಅಷ್ಟು ದೊಡ್ಡದು ಯಾಕೆ ಎಂದು ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದ್ದೆ. ‘ಹಳ್ಳದ ಕಲ್ಲು ಗಾಲಿಗಿಂತ ಚಿಕ್ಕದಿದ್ರ ಗಾಡಿ ಹತ್ತತದ, ಗಾಲಿ ಚಿಕ್ಕದಾದ್ರ ಕಲ್ಲೇ ಗಾಡೀನ ತಡೀತದ’ ಎಂದಿದ್ದರು. ಇವತ್ತು ಎಂಜಿನಿಯರ್ ಓದಿದವರು ಹೇಳುವುದೂ ಅದೇ ಮಾತು. ಗಾಲಿಯ ಸುತ್ತು ದೊಡ್ಡದಾದಷ್ಟೂ ಅದು ಗುಂಡಿಯೊಳಗೆ ಇಳಿಯುವುದು ಕಡಿಮೆ, ಎದುರಿನ ಕಲ್ಲನ್ನು ಏರುವುದು ಸಲೀಸು, ಅಚ್ಚು ನೆಲಕ್ಕೆ ತಾಕದೆ ಉಳಿಯುತ್ತದೆ.

ಆ ಗಾಲಿ ಕಟ್ಟುವುದರಲ್ಲಿ ಬಡಗಿಗೂ ಕಮ್ಮಾರನಿಗೂ ಸಮಪಾಲು. ಬಡಗಿ ನಡುವಿನ ಗುಂಬ ಕಡೆದು, ಅರೆಕಾಲು ಬಡಿದು, ಸುತ್ತಿನ ಮರ ಕೂಡಿಸಿ ಕೊಡುತ್ತಿದ್ದ. ಕಮ್ಮಾರ ಕಬ್ಬಿಣದ ಪಟ್ಟೆಯನ್ನು ಗಾಲಿಯ ಸುತ್ತಳತೆಗಿಂತ ಬೆರಳಷ್ಟು ಕಡಿಮೆ ಅಳತೆಗೆ ಬಳೆಯಾಗಿ ಬೆಸೆಯುತ್ತಿದ್ದ. ಬೆರಣಿ ಒಟ್ಟಿ ಅದನ್ನು ಕೆಂಪಗೆ ಕಾಯಿಸಿದರೆ ಪಟ್ಟೆ ಅಂಗುಲದಷ್ಟು ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲು ನೀರು ಸುರಿದರೆ ಕುಗ್ಗಿ, ಇಡೀ ಗಾಲಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಮೊಳೆ ಇಲ್ಲದೆ ನಿಲ್ಲುವ ಬಿಗಿ ಅದು. ದಾರಿ ಬದಲಾಗದಿದ್ದರೆ ಗಾಲಿಯನ್ನು ದಾರಿಗೆ ಒಗ್ಗಿಸಬೇಕು ಎಂಬ ನಮ್ಮ ಬೆಟ್ಟದ ಪಾಠ ಶುರುವಾಗುವುದು ಅಲ್ಲಿಂದ. ಮುಂದೆ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಡನ್‌ಲಪ್ ಕಾರ್ಖಾನೆ ನಿಂತಿತು. ಎತ್ತಿನ ಗಾಡಿಗೆ ಗಾಳಿ ತುಂಬಿದ ರಬ್ಬರ್ ಟೈರ್ ದೇಶದ ತುಂಬ ಹರಡಿತು, ಬಯಲು ಸೀಮೆಯವರು ಟೈರ್ ಗಾಡಿಗೆ ಬದಲಾದರು. ಡಾಂಬರು ರಸ್ತೆಯಲ್ಲಿ ಟೈರ್ ಗಾಡಿ ಹಗುರ, ಎತ್ತಿಗೆ ಸುಖ. ಕಾಡೊಳಗಿನ ಹಳ್ಳ ದಾಟಬೇಕಾದವರು ಮಾತ್ರ ಎತ್ತರದ ಮರದ ಗಾಲಿಯನ್ನು ಬಹುಕಾಲ ಬಿಡಲಿಲ್ಲ. ಟೈರ್ ಗಾಡಿಯ ಗಾಲಿ ಗಿಡ್ಡ, ಅದರ ಅಚ್ಚು ಕಲ್ಲಿಗೆ ತಾಕುತ್ತಿತ್ತು.

ಬಣ್ಣಾರಿಯಿಂದ ದಿಂಬಂಗೆ 27 ತಿರುವು ಏರುವ ಘಟ್ಟದ ರಸ್ತೆ ಬಂದ ಮೇಲೆ ಗಜ್ಜಲಹಟ್ಟಿ ದಾರಿಯಲ್ಲಿ ಓಡಾಟ ನಿಂತು ಕಾಡು ಬೆಳೆಯಿತು. ದೊಡ್ಡ ಸಾಗಾಟವೆಲ್ಲ ಹಾಸನೂರಿನ ಮೇಲೆ ಚಾಮರಾಜನಗರಕ್ಕೆ ಹರಿಯಿತು. ಅದೇ ಮುಂದೆ ರಾಷ್ಟ್ರೀಯ ಹೆದ್ದಾರಿ 209 ಎನಿಸಿ, ಈಗ 948 ಆಗಿದೆ. ಹೆದ್ದಾರಿಗೆ ಹೆಸರು, ನಂಬರು, ಡಾಂಬರು ಎಲ್ಲ ಬಂತು. ಹೆದ್ದಾರಿಯಿಂದ ಪಡುವಣಕ್ಕೆ ಕವಲೊಡೆಯುವ ತಾಳಮಲೆಯ ಕಡೆಗೆ, ಅಲ್ಲಿಂದ ಒಳಗಿನ ರಾಮರಣೆ, ಮಾವನತ್ತ, ಕಾಳಿದಿಂಬದಂಥ ಊರಾಳಿ, ಸೋಲಿಗರ ಹಾಡಿಗಳ ಕಡೆಗೆ ಮಾತ್ರ ದಾರಿ ಇದ್ದಂತೆಯೇ ಉಳಿಯಿತು.

ದಾರಿಯ ಜೊತೆಗೆ ಗಡಿಯ ತೊಡಕೂ ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು, ಕನ್ನಡ ಮಾತಾಡುವ ತಾಳವಾಡಿಯ ಹಳ್ಳಿಗಳು ಮದರಾಸಿನಲ್ಲಿ, ಅಂದರೆ ಇಂದಿನ ತಮಿಳುನಾಡಿನಲ್ಲಿ, ಉಳಿದವು. 1979ರಲ್ಲಿ ಕೊಯಮತ್ತೂರು ಒಡೆದು ಪೆರಿಯಾರ್ ಜಿಲ್ಲೆಯಾಯಿತು, ಅದೇ ಮುಂದೆ ಈರೋಡ್. ಜಿಲ್ಲಾ ಕೇಂದ್ರಕ್ಕೆ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಚಾಮರಾಜನಗರ ಮೂವತ್ತು ಕಿಲೋಮೀಟರಿನೊಳಗೇ ಇದೆ. ಹೀಗಾಗಿ ನಮ್ಮ ಕಾಗದಪತ್ರ ಕೆಳಗೆ ಹೋದವು, ನೆಂಟಸ್ತನ ಮೇಲೆ ಹೋಯಿತು, ತರಕಾರಿ ಎರಡೂ ಕಡೆ ಹೋಯಿತು. ಗಾಡಿ ರಿಪೇರಿಯ ಕಸುಬು ಮಾತ್ರ ಚಾಮರಾಜನಗರದ ಕಡೆಯಿಂದಲೇ ಬಂತು. ನಾನೂ ಕೆಲಸ ಕಲಿತದ್ದು ಅಲ್ಲಿನ ಒಂದು ಶೆಡ್ಡಿನಲ್ಲಿ.

ಈ ದಾರಿಗೆ ಮೊದಲು ಒಗ್ಗಿದ ಮೋಟಾರು ಗಾಡಿ ಜೀಪು. ಅಮೆರಿಕದ ವಿಲ್ಲಿಸ್ ಕಂಪನಿ ಎರಡನೆಯ ಮಹಾಯುದ್ಧಕ್ಕೆಂದು ಮಾಡಿದ ಗಾಡಿ ಅದು. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ಅದರ ಜೋಡಣೆ ಶುರುಮಾಡಿದರು. ಜೀಪಿನ ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹೋಗುವುದನ್ನು ಎಲ್ಲರೂ ಹೊಗಳುತ್ತಾರೆ. ಟಿಂಕರ್ ಆದ ನಾನು ಹೊಗಳುವುದು ಅದರ ಮುಂದಿನ ಮಡ್‌ಗಾರ್ಡನ್ನು. ಹಲಗೆಯಂತೆ ಚಪ್ಪಟೆಯಾದ ಒಂದು ತಗಡು, ಮುಂದೆ ಒಂದು ಬಾಗು, ಅಷ್ಟೇ. ಗಾಲಿಯನ್ನು ಸುತ್ತುವರಿಯುವ ಕಮಾನು ಇಲ್ಲ, ಒಳಗೆ ಮಡಿಸಿದ ಅಂಚಿಲ್ಲ. ಕೆಸರು ಮೆತ್ತಿದರೆ ಕೋಲಿನಲ್ಲಿ ಕೆದಕಿ ತೆಗೆಯಬಹುದು. ಸೊಟ್ಟಗಾದರೆ ಮರದ ಕೊಡತಿಯಲ್ಲಿ ಬಡಿದು ಸರಿಮಾಡಬಹುದು. ವಿಲ್ಲಿಸ್‌ನವರು 1950ರ ದಶಕದ ನಡುವೆ ಸಿಜೆ-5 ಎಂಬ ಮಾದರಿಯಲ್ಲಿ ಈ ತಗಡನ್ನು ದುಂಡಗೆ ಮಾಡಿದರು. ನಮ್ಮ ದೇಶದಲ್ಲಿ ಮಾತ್ರ ಚಪ್ಪಟೆ ಮಡ್‌ಗಾರ್ಡಿನ ಸಿಜೆ-3ಬಿ ವಂಶವೇ ದಶಕಗಟ್ಟಲೆ ಬಾಳಿತು. ಎಂಎಂ-540 ಬಂದಾಗಲೂ ಆ ಚಪ್ಪಟೆ ತಗಡು ಉಳಿದಿತ್ತು.

ಹಳೆಯ ಜೀಪಿಗೆ ಬರುತ್ತಿದ್ದ ಟೈರ್ 6.00-16. ಅಂದರೆ 16 ಅಂಗುಲದ ಡಿಸ್ಕಿನ ಮೇಲೆ ಆರಂಗುಲ ದಪ್ಪದ ರಬ್ಬರು, ನೆಲದಿಂದ ಮೇಲಿನವರೆಗೆ ಸುಮಾರು 28 ಅಂಗುಲ. ನಮ್ಮ ಕಡೆಯವರು ಅದನ್ನು ಬಿಚ್ಚಿ 7.00-16 ಹಾಕಿಸುತ್ತಿದ್ದರು, ಅದು ಸುಮಾರು 30 ಅಂಗುಲ. ಎರಡಂಗುಲ ಹೆಚ್ಚು ಎತ್ತರದ ಟೈರ್ ಹಾಕಿದರೆ ಅಚ್ಚು ಮೇಲೇಳುವುದು ಒಂದಂಗುಲ ಮಾತ್ರ. ಕಾಡುದಾರಿಯಲ್ಲಿ ಆ ಒಂದಂಗುಲವೇ ಬೇಕಾದದ್ದು. ಗಾಲಿ ಓಡಿದ ಎರಡು ತಗ್ಗುಗಳ ನಡುವೆ ಮಣ್ಣಿನ ದಿಂಡು ಏಳುತ್ತದೆ. ಹಿಂದಿನ ಅಚ್ಚಿನ ನಡುವೆ ಗೇರು ಕೂತಿರುವ ಉಬ್ಬು, ಅಂದರೆ ಹೌಸಿಂಗ್, ಅದರ ಮೇಲೆ ಕುಂತರೆ ಗಾಲಿಗಳು ಸುಮ್ಮನೆ ತಿರುಗುತ್ತವೆ, ಗಾಡಿ ಅಲುಗುವುದಿಲ್ಲ. ಚಪ್ಪಟೆ ಮಡ್‌ಗಾರ್ಡಿನ ಕೆಳಗೆ ಜಾಗ ಧಾರಾಳವಾಗಿದ್ದುದರಿಂದ ಜೀಪಿನ ಕಾಲದಲ್ಲಿ ಟಿಂಕರನ ಕತ್ತರಿಗೆ ಕೆಲಸವೇ ಬರಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಸ್ಪ್ರಿಂಗ್ ಬ್ಲೇಡಿಗೆ ತಾಕಿದರೆ ತಡೆಬೋಲ್ಟನ್ನು ಎರಡು ಸುತ್ತು ಹೊರಕ್ಕೆ ತಂದರೆ ಮುಗಿಯಿತು.

ಆ ಜೀಪುಗಳು ಈ ಬೆಟ್ಟದಲ್ಲಿ ಬಸ್ಸೂ ಆದವು, ಲಾರಿಯೂ ಆದವು, ಆಂಬುಲೆನ್ಸೂ ಆದವು. ಹೆರಿಗೆ ನೋವು ಬಂದವಳನ್ನು ಹಿಂದಿನ ಸೀಟಿನಲ್ಲಿ ಅವ್ವಂದಿರ ಮಡಿಲ ಮೇಲೆ ಮಲಗಿಸಿ ಕಾಡುದಾರಿಯಲ್ಲಿ ಹೊರತಂದ ಡ್ರೈವರಣ್ಣಂದಿರನ್ನು ನಾನು ಬಲ್ಲೆ. ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಇದೇ ದಾರಿಗಳಲ್ಲಿ ಎರಡೂ ರಾಜ್ಯದ ಕಾರ್ಯಪಡೆಯ ಜೀಪುಗಳು ಓಡಿದವು. 2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ತೋಟದ ಮನೆಯಿಂದ ಚಿತ್ರನಟ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿಕೊಂಡು ಹೋದಾಗ ಇಡೀ ಕರ್ನಾಟಕ ನಮ್ಮ ತಾಳವಾಡಿಯ ಹೆಸರನ್ನು ಕಲಿಯಿತು. ನವೆಂಬರ್ 15ರಂದು ಅವರು ಬಿಡುಗಡೆಯಾಗುವವರೆಗಿನ 108 ದಿನ ಈ ದಾರಿಗಳಲ್ಲಿ ಎದೆ ಹಗುರಾಗಿ ಗಾಡಿ ಓಡಿಸಿದವರಿಲ್ಲ.

ಆಮೇಲಿನದು ಪಿಕಪ್ಪಿನ ಕಾಲ. ಟಾಟಾ 207 ಮೊದಲೇ ಬಂದಿತ್ತು. 2000ದಲ್ಲಿ ಬೊಲೆರೊ ಹುಟ್ಟಿತು, ಅದರ ಬೆನ್ನಿಗೆ ಬೊಲೆರೊ ಕ್ಯಾಂಪರ್, ಬೊಲೆರೊ ಪಿಕಪ್ ಬಂದವು. 2005ರಲ್ಲಿ ಟಾಟಾ ಏಸ್ ಬಂತು. ತಾಳವಾಡಿಯ ಬೇಸಾಯವೂ ಆ ಹೊತ್ತಿಗೆ ರಾಗಿಯಿಂದ ತರಕಾರಿಗೆ ಹೊರಳಿತ್ತು. ರಾಗಿ ಮೂಟೆ ಒಂದು ವಾರ ಕಾಯುತ್ತದೆ, ಟೊಮೊಟೊ ಒಂದು ದಿನವೂ ಕಾಯುವುದಿಲ್ಲ. ಕೊಯ್ದ ಸಂಜೆಯೇ ಹೊಲದ ಅಂಚಿಗೆ ಗಾಡಿ ಬರಬೇಕು, ಬೆಳಗಾಗುವುದರೊಳಗೆ ಮಂಡಿ ಮುಟ್ಟಬೇಕು. ಪಿಕಪ್ಪಿಗೆ ಜೀಪಿಗಿಂತ ಹೆಚ್ಚು ಹೊರೆ ಹೊರುವ ಶಕ್ತಿ ಇತ್ತು. ಆದರೆ ಅದು ಡಾಂಬರಿಗೆ ಹುಟ್ಟಿದ ಗಾಡಿ. ಗಾಲಿಯ ಡಿಸ್ಕು ಜೀಪಿನದಕ್ಕಿಂತ ಚಿಕ್ಕದು, ಮಡ್‌ಗಾರ್ಡು ಗಾಲಿಯ ಸುತ್ತ ಕಮಾನಾಗಿ ಬಾಗಿದ್ದು, ಅಂಚು ಒಳಕ್ಕೆ ಮಡಿಸಿದ್ದು. ಹೊಲಕ್ಕೆ ಇಳಿದ ಪಿಕಪ್ ಹೌಸಿಂಗ್ ಮೇಲೆ ಕುಂತು ನಿಂತಾಗ ಜನ ಟೈರ್ ಅಂಗಡಿಗೆ ಹೋದರು. ದೊಡ್ಡ ಟೈರು ಕಮಾನಿಗೆ ತಾಕಿದಾಗ ನಮ್ಮ ಶೆಡ್ಡಿಗೆ ಬಂದರು.

ಆ ಕೆಲಸವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಕೈಯಿಂದ ಕೈಗೆ ಬಂದ ಕಸುಬು ಬರೆದಿಡದಿದ್ದರೆ ಒಂದು ತಲೆಮಾರಿಗೆ ಅಳಿಯುತ್ತದೆ. ನನಗೆ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು: ‘ಕೊಯ್ಯಾದು ಕೊನೆ ಕೆಲ್ಸ ಕನ್ಲಾ. ಮೊದ್ಲು ಎಲ್ಲಿ ತಾಕ್ತದ ನೋಡು.’ ಅದಕ್ಕೆ ಖಾಲಿ ಗಾಡಿ ಸಾಲದು. ಹಿಂದೆ ಮೂಟೆ ಹೇರಿ, ಮುಂದಿನ ಒಂದು ಗಾಲಿಯನ್ನು ಗುಂಡುಕಲ್ಲಿನ ಮೇಲೆ ಹತ್ತಿಸಿ, ಆ ಬದಿಯ ಸ್ಪ್ರಿಂಗ್ ಪೂರ್ತಿ ಅಮುಕುವಂತೆ ನಿಲ್ಲಿಸಬೇಕು. ಟೈರಿನ ಹಲ್ಲಿಗೂ ಭುಜಕ್ಕೂ ಸುಣ್ಣ ಬಳಿದು ಸ್ಟೇರಿಂಗನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸಬೇಕು. ತಾಕುವ ಜಾಗದಲ್ಲೆಲ್ಲ ಸುಣ್ಣದ ಗೀರು ಬೀಳುತ್ತದೆ. ಸಾಮಾನ್ಯವಾಗಿ ಎರಡು ಕಡೆ. ಒಂದು, ಮಡ್‌ಗಾರ್ಡಿನ ಹಿಂಬದಿಯ ಕೆಳಮೂಲೆ, ಅಂದರೆ ಬಾಗಿಲಿನ ಮುಂದೆ ಎರಡು ತಗಡು ಸೇರಿ ಕಿವಿಯಂತೆ ಚಾಚಿರುವ ಅಂಚು. ಇನ್ನೊಂದು, ಕಮಾನಿನ ನೆತ್ತಿಯ ಒಳಮಡಿಕೆ.

ಗೀರು ಕಂಡ ಮೇಲೂ ಕೈ ಕತ್ತರಿಗೆ ಹೋಗಬಾರದು. ತಗಡಿನ ಹಿಂದೆ ಬ್ರೇಕಿನ ಹೋಸ್, ವೈರು, ಕ್ಯಾಬಿನ್ನು ಚಾಸಿಗೆ ಕೂರುವ ಬುಷ್ ಎಲ್ಲೆಲ್ಲಿ ಇವೆ ಎಂದು ಕೈಯಾಡಿಸಿ ನೋಡಬೇಕು. ಚಾಸಿಗೆ ಉಳಿ ತಾಗಿಸುವುದು ನಮ್ಮ ಶೆಡ್ಡಿನಲ್ಲಿ ನಿಷಿದ್ಧವಾಗಿತ್ತು. ಎರಡು ತಗಡಿನ ಜೋಡಣೆಯ ಅಂಚನ್ನು ಕೊಯ್ಯದೆ ಬಡಿದು ಮಲಗಿಸುವುದು ಮೊದಲ ದಾರಿ. ಗೇಣಿಗೆ ಒಂದರಂತೆ ಸಣ್ಣ ಸೀಳು ಕೊಟ್ಟು, ಹಿಂದೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಸುತ್ತಿಗೆಯಲ್ಲಿ ಹಿಂದಕ್ಕೆ ಮಡಿಸಿದರೆ ಬೆರಳಗಲ ಜಾಗ ಸಿಗುತ್ತದೆ. ಎಷ್ಟೋ ಗಾಡಿಗೆ ಅಷ್ಟೇ ಸಾಕಾಗುತ್ತಿತ್ತು. ಸಾಲದಿದ್ದರೆ ಮಾತ್ರ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕೊಯ್ಯುವುದು. ಗ್ಯಾಸ್ ಜ್ವಾಲೆಯಲ್ಲಿ ಕೊಯ್ದರೆ ತೆಳು ತಗಡು ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಆದ್ದರಿಂದ ಗ್ರೈಂಡರ್ ಬರುವ ಮೊದಲು ಉಳಿ ಮತ್ತು ಗರಗಸದ ಬ್ಲೇಡಿನಲ್ಲೇ ಕೊಯ್ಯುತ್ತಿದ್ದೆವು.

ಕೊಯ್ದು ಬಿಟ್ಟ ಅಂಚು ಕತ್ತಿಯಷ್ಟು ಹರಿತ. ಟೈರು ತಾಕಿದರೆ ಸೀಳುತ್ತದೆ, ಪಕ್ಕದಲ್ಲಿ ಹಾದುಹೋದ ಮಗುವಿನ ಕಾಲನ್ನೂ ಸೀಳುತ್ತದೆ. ಅದಕ್ಕೆ ಅಂಚಿನ ಒಳಗೆ ಕಬ್ಬಿಣದ ಕಂಬಿ ಇಟ್ಟು ತಗಡನ್ನು ಅದರ ಸುತ್ತ ಮಡಿಸಿ ಬಡಿಯುತ್ತಿದ್ದೆವು. ಅಂಚು ದುಂಡಗಾಗುತ್ತದೆ, ಕೊಯ್ದದ್ದರಿಂದ ಹೋದ ಬಿಗಿಯೂ ತಗಡಿಗೆ ಮರಳುತ್ತದೆ. ಕೆಳಮೂಲೆ ಕೊಯ್ದಾಗ ಒಳತಗಡಿಗೂ ಹೊರತಗಡಿಗೂ ನಡುವೆ ಬಾಯಿ ಬಿಡುತ್ತದೆ. ಅದನ್ನು ಪ್ಯಾಚ್ ಇಟ್ಟು ಮುಚ್ಚದಿದ್ದರೆ ಕೆಸರು ಒಳಗೆ ಸೇರಿ ಎರಡು ಮಳೆಗಾಲದಲ್ಲಿ ಬಾಗಿಲ ಕಂಬವನ್ನೇ ತುಕ್ಕು ತಿನ್ನುತ್ತದೆ. ಪ್ಯಾಚನ್ನು ಒಂದೇ ಉಸಿರಿಗೆ ಬೆಸೆಯಬಾರದು. ಇಲ್ಲೊಂದು ಚುಕ್ಕೆ, ಎದುರು ಬದಿಗೊಂದು ಚುಕ್ಕೆ, ನಡುವೆ ಒದ್ದೆ ಬಟ್ಟೆ ಇಟ್ಟು ತಣಿಸುತ್ತ ಸುತ್ತು ಮುಗಿಸಬೇಕು. ಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಬಣ್ಣ. ಟೈರು ಹೊರಕ್ಕೆ ಚಾಚಿದರೆ ಕೆಸರು ಹಿಂದಿನವರ ಮೇಲೆ ಸಿಡಿಯದಂತೆ ಲಾರಿಯ ಹಳೆಯ ಟ್ಯೂಬ್ ಕೊಯ್ದು ರಬ್ಬರ್ ಕಟ್ಟುತ್ತಿದ್ದೆವು. ಕೊನೆಗೆ ಮತ್ತೆ ಕಲ್ಲಿನ ಮೇಲೆ ಹತ್ತಿಸಿ, ಮತ್ತೆ ಸುಣ್ಣ ಬಳಿದು, ಗೀರು ಬೀಳದಿದ್ದರೆ ಮಾತ್ರ ಗಾಡಿ ಹೊರಗೆ. ಶಾಲೆ ಮೆಟ್ಟಿಲು ಹತ್ತದ ನನ್ನ ಮೇಸ್ತ್ರಿಗೆ ಈ ಶಿಸ್ತನ್ನು ಕಲಿಸಿದ್ದು ಕಸುಬೇ. ಅದನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ದೊಡ್ಡ ಟೈರಿಗೆ ಬೆಲೆ ಇತ್ತು, ಅದನ್ನೂ ಹೇಳಬೇಕು. 28 ಅಂಗುಲದ ಜಾಗದಲ್ಲಿ 30 ಅಂಗುಲದ್ದು ಕೂತರೆ ಗಾಲಿಯ ಒಂದು ಸುತ್ತಿಗೆ ಗಾಡಿ ಏಳು ಪರ್ಸೆಂಟ್ ಹೆಚ್ಚು ದೂರ ಹೋಗುತ್ತದೆ. ಮೀಟರು 40 ತೋರಿಸುವಾಗ ಗಾಡಿ 43ರ ಹತ್ತಿರ ಓಡುತ್ತಿರುತ್ತದೆ. ಗೇರಿನ ಎಳೆತ ಅಷ್ಟೇ ಕಡಿಮೆಯಾಗುತ್ತದೆ. ಬ್ರೇಕು ಅದೇ, ಗಾಲಿ ದೊಡ್ಡದು. ದಿಂಬಂನ 27 ತಿರುವನ್ನು ಹೊರೆ ಹೊತ್ತು ಇಳಿಯುವವನಿಗೆ ಇದು ಸಣ್ಣ ಮಾತಲ್ಲ. ಗಾಲಿಯ ಬೇರಿಂಗ್, ಸ್ಟೇರಿಂಗ್ ಕೀಲು ಬೇಗ ಸವೆಯುತ್ತವೆ. ಕಾಡುದಾರಿಯಲ್ಲಿ ಜೀವ ಉಳಿಸಿದ ಟೈರು ಘಟ್ಟದಲ್ಲಿ ಅಪಾಯ ತರಬಹುದು. ಒಂದೇ ಗಾಡಿ ಒಂದೇ ದಿನ ಎರಡೂ ದಾರಿಯಲ್ಲಿ ಓಡಬೇಕಾದದ್ದೇ ನಮ್ಮ ಬೆಟ್ಟದ ಕಷ್ಟ.

ಕಾನೂನು ಈ ಅಪಾಯವನ್ನು ಹಿಂದೆಯೇ ಕಂಡಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಗಾಡಿಯ ಬದಲಾವಣೆಯನ್ನು ಕಟ್ಟುಪಾಡಿಗೆ ಒಳಪಡಿಸಿತು, 2000ದ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. 2019ರ ಜನವರಿಯಲ್ಲಿ, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಂದಿನಿಂದ ನಾನು ಮಡ್‌ಗಾರ್ಡು ಕೊಯ್ಯುವ ಕೆಲಸ ಹಿಡಿಯುತ್ತಿಲ್ಲ. ಈಗ ನನ್ನ ಕೈಗೆ ಬರುವುದು ಹಳೆಯ ಕೊಯ್ತಕ್ಕೆ ಹೊಸ ತಗಡು ಕೂಡಿಸಿ, ಕಮಾನನ್ನು ಮೊದಲಿನ ಆಕಾರಕ್ಕೆ ತರುವ ಕೆಲಸ. ಆ ತೀರ್ಪು ಸರಿ ಎಂದೇ ನನ್ನ ಭಾವನೆ. ಆದರೆ ಗಾಡಿ ಬದಲಾಗಬಾರದು ಎಂದ ಮೇಲೆ ದಾರಿಯ ಜವಾಬ್ದಾರಿಯನ್ನು ಯಾರಾದರೂ ಹೊರಲೇಬೇಕು. ಗಾಲಿಯನ್ನು ದಾರಿಗೆ ಒಗ್ಗಿಸುತ್ತ ಇನ್ನೂರು ವರ್ಷ ಬಾಳಿದವರಿಗೆ ಆ ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲು ತೆರೆಯಬೇಕು.

ದಾರಿ ಎಂದೊಡನೆ ಅಗಲದ ಡಾಂಬರನ್ನು ನೆನೆಯುವವರಿದ್ದಾರೆ. ನಾನು ಅದನ್ನು ಕೇಳುತ್ತಿಲ್ಲ. 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ವೇಗದ ಗಾಡಿಗೆ ಸಿಕ್ಕಿ ಕಾಡುಪ್ರಾಣಿಗಳು ಸತ್ತದ್ದರಿಂದಲೇ ಮದರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಂತು. ತಾಳವಾಡಿಯ ರೈತರು ಅದರ ವಿರುದ್ಧ ಬೀದಿಗಿಳಿದರು. ಅವರ ತರಕಾರಿಯ ಚಿಂತೆ ನಿಜ, ಕಾಡಿನ ಜೀವದ ಚಿಂತೆಯೂ ನಿಜ. ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳನ್ನು ಕಂಡವರಿಗೆ ಈ ದಾರಿ ನಮ್ಮೊಬ್ಬರದೇ ಅಲ್ಲ ಎಂಬುದು ಗೊತ್ತು.

ತಾಳಮಲೆಯ ಹಾಡಿಗಳಿಗೆ ಬೇಕಾದದ್ದು ಸಣ್ಣದು. ಹಳ್ಳ ದಾಟುವ ಕಡೆ ಕಲ್ಲು ಹಾಸಿದ ಗಟ್ಟಿ ನೆಲ, ಏರುಗಳಲ್ಲಿ ಎರಡು ಗಾಲಿಗೆ ಎರಡು ಪಟ್ಟಿ ಕಾಂಕ್ರೀಟು, ನೀರು ದಾರಿಯನ್ನು ಕೊರೆಯದಂತೆ ಅಡ್ಡ ಮೋರಿ, ಪ್ರತಿ ಮಳೆಗಾಲದ ಮೊದಲು ನಡುವಿನ ಮಣ್ಣಿನ ದಿಂಡನ್ನು ಕೆರೆದು ಸಮಮಾಡುವ ಕೂಲಿ. ಅಂಥ ದಾರಿಯಲ್ಲಿ ಗಾಡಿ ಇಪ್ಪತ್ತರ ಮೇಲೆ ಓಡುವುದಿಲ್ಲ, ಕಂಪನಿಯ ಟೈರಿನಲ್ಲೇ ಓಡುತ್ತದೆ. ಅದಕ್ಕೆ ಕಾನೂನೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮು ಹಾಡಿಗಳಿಗೆ ಬೇಕಾದ 13 ಬಗೆಯ ಸೌಲಭ್ಯಕ್ಕೆ ಅರಣ್ಯಭೂಮಿ ಬಳಸಲು ಒಪ್ಪುತ್ತದೆ. ಅದರಲ್ಲಿ ರಸ್ತೆಯೂ ಒಂದು. ಪ್ರತಿ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ನೆಲ, ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯದ ಕಟ್ಟುಪಾಡು, ಗ್ರಾಮಸಭೆಯ ಶಿಫಾರಸು, ಇಷ್ಟು ಅದರ ನಿಯಮ.

ಇಷ್ಟು ಕಾಲ ಈ ದಾರಿಯ ದುರಸ್ತಿಯ ಖರ್ಚನ್ನು ಸರ್ಕಾರದ ಬದಲು ಗಾಡಿಯವನು ಕೊಟ್ಟಿದ್ದಾನೆ. ಮೊದಲು ಕಮ್ಮಾರನಿಗೆ, ಆಮೇಲೆ ಟೈರ್ ಅಂಗಡಿಗೆ, ಕೊನೆಗೆ ನನ್ನಂಥ ಟಿಂಕರನಿಗೆ ತೆತ್ತಿದ್ದಾನೆ. ಹಾಡಿಯ ಹಿರಿಯರು ಗ್ರಾಮಸಭೆಯಲ್ಲಿ ಕೂತು ಕೇಳಲಿ, ತಾಳವಾಡಿಯ ವಿದ್ಯಾವಂತ ಮಕ್ಕಳು ಅವರ ಅರ್ಜಿಯನ್ನು ತಮಿಳಿನಲ್ಲಿ ಬರೆದುಕೊಡಲಿ, ಅರಣ್ಯ ಇಲಾಖೆಯವರು ಅಳತೆ ಹಿಡಿದು ಜೊತೆಗೆ ನಡೆದು ನೋಡಲಿ. ಯಾವ ತಿರುವಿನಲ್ಲಿ ಯಾವ ಗಾಡಿ ಎಲ್ಲಿ ತಾಕುತ್ತದೆ ಎಂಬುದನ್ನು ತೋರಿಸಲು ನಾನೂ ಬರುತ್ತೇನೆ.